ಒಂದು ಚುಕ್ಕೆಯ ಬೆಲೆ: ಕಪ್ಪು-ಬಿಳುಪು ಅಂಕೀಯ ಚಿತ್ರಗಳ ಸಂಕೋಚನ ಮತ್ತು ಕನ್ನಡ ಲಿಪಿ

ಪೀಠಿಕೆ

ಕನ್ನಡದ ಹಳೆಯ ಪುಸ್ತಕಗಳು, ಪತ್ರಿಕೆಗಳು, ಶಾಸನ ಸಂಪುಟಗಳು ಹಾಗೂ ಸರ್ಕಾರಿ ಕಡತಗಳು ಕಳೆದ ಎರಡು ದಶಕಗಳಿಂದ ಕಾಗದವನ್ನು ಬಿಟ್ಟು ಗಣಕದ ಕಡತಗಳಾಗಿ ಮಾರ್ಪಡುತ್ತಿವೆ. 2000ದ ದಶಕದ ಆರಂಭದಲ್ಲಿ ರೂಪುಗೊಂಡ ಭಾರತದ ಡಿಜಿಟಲ್ ಗ್ರಂಥಾಲಯ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಮುಖ್ಯ ಕೇಂದ್ರವಾಗಿತ್ತು. ಅಲ್ಲಿ ಪುಟಗಳನ್ನು ಅಂಗುಲಕ್ಕೆ 600 ಬಿಂದುಗಳ ಸಾಂದ್ರತೆಯಲ್ಲಿ, ಬರಿಯ ಕಪ್ಪು ಮತ್ತು ಬಿಳುಪು ಬಿಂದುಗಳ ಚಿತ್ರವಾಗಿ ಸಂಗ್ರಹಿಸುವ ಕ್ರಮವಿತ್ತು. ಆ ಯೋಜನೆಯ ಮೂಲ ಜಾಲತಾಣ ಈಗ ಇಲ್ಲವಾದರೂ ಅದರ ಅನೇಕ ಪುಸ್ತಕಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ದೊರೆಯುತ್ತವೆ. ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯಂಥ ಊರಿನಲ್ಲಿರುವ ಅಧ್ಯಾಪಕರೊಬ್ಬರು ತಮ್ಮ ಸೀಮೆಯ ಶಾಸನಗಳನ್ನು ಓದಬಯಸಿದರೆ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕಾದ ಅಗತ್ಯ ಈಗಿಲ್ಲ. ಬಿ. ಎಲ್. ರೈಸ್ ಅವರು ಸಂಪಾದಿಸಿ 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ 7ನೆಯ ಸಂಪುಟದಲ್ಲಿ ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳ ಶಾಸನಗಳಿವೆ. ಆಗ ಹೊನ್ನಾಳಿಗೆ ಸೇರಿದ್ದ ನ್ಯಾಮತಿಯ ಸೀಮೆಗೂ ಅದೇ ಸಂಪುಟ ಆಧಾರ. ಜಗಳೂರಿನ ಶಾಸನಗಳಿಗೆ ಚಿತ್ರದುರ್ಗ ಜಿಲ್ಲೆಯ 11ನೆಯ ಸಂಪುಟವನ್ನು ನೋಡಬೇಕು. ಇಂಥ ಸಂಪುಟಗಳನ್ನು ಮನೆಯಲ್ಲಿಯೇ ತೆರೆದು, ಬೇಕಾದ ಪುಟವನ್ನು ಸಾಮಾನ್ಯ ಲೇಸರ್ ಮುದ್ರಕದಲ್ಲಿ ಅಚ್ಚು ತೆಗೆದುಕೊಳ್ಳಬಹುದಾಗಿದೆ.

ಈ ಅನುಕೂಲವನ್ನು ಸಾಧ್ಯಗೊಳಿಸಿದ ತಂತ್ರಗಳಲ್ಲಿ ಚಿತ್ರ ಸಂಕೋಚನವು ಮುಖ್ಯವಾದುದು. ಅದು ಹೇಗೆ ನಡೆಯುತ್ತದೆ, ಕಪ್ಪು-ಬಿಳುಪು ಪುಟಗಳಿಗೆ ಯಾವ ವಿಧಾನಗಳು ಬಳಕೆಯಲ್ಲಿವೆ, ಅವುಗಳಲ್ಲಿ ಯಾವುವು ಕನ್ನಡ ಲಿಪಿಗೆ ಸುರಕ್ಷಿತ, ಯಾವುವು ಅಪಾಯಕಾರಿ ಎಂಬುದನ್ನು ಪ್ರಸ್ತುತ ಪ್ರಬಂಧದಲ್ಲಿ ವಿವೇಚಿಸಲಾಗಿದೆ. ಪುಟದಲ್ಲಿ ಯಾವುದು ಅಕ್ಷರ, ಯಾವುದು ಕಸ ಎಂದು ತೀರ್ಮಾನಿಸುವ ಹಂತವೇ ಈ ಕಾರ್ಯದ ನಿರ್ಣಾಯಕ ಹಂತ. ಕನ್ನಡದಲ್ಲಿ ಒಂದು ಚುಕ್ಕೆಯೂ ಒಂದು ಸೀಳೂ ಅಕ್ಷರವನ್ನೇ ಬದಲಿಸುವುದರಿಂದ ಆ ತೀರ್ಮಾನವನ್ನು ಯಂತ್ರಕ್ಕೆ ಪೂರ್ಣವಾಗಿ ಬಿಟ್ಟುಕೊಡಲಾಗದು ಎಂಬುದು ಇಲ್ಲಿಯ ಪ್ರತಿಪಾದನೆ.

ಪುಟದ ಗಾತ್ರದ ಲೆಕ್ಕ

ಅಂಕೀಯ ಚಿತ್ರವೆಂದರೆ ಸಣ್ಣ ಚೌಕಗಳ ಒಂದು ಹಾಸು. ಒಂದೊಂದು ಚೌಕವನ್ನೂ ಪಿಕ್ಸೆಲ್ ಅಥವಾ ಚಿತ್ರಬಿಂದು ಎನ್ನುತ್ತೇವೆ. ಐದೂವರೆ ಅಂಗುಲ ಅಗಲ, ಎಂಟೂವರೆ ಅಂಗುಲ ಎತ್ತರದ ಪುಟವೊಂದನ್ನು ಅಂಗುಲಕ್ಕೆ 600 ಬಿಂದುಗಳಂತೆ ಗ್ರಹಿಸಿದರೆ ಅಡ್ಡಲಾಗಿ 3,300, ಉದ್ದಕ್ಕೆ 5,100, ಒಟ್ಟು 1,68,30,000 ಬಿಂದುಗಳಾಗುತ್ತವೆ. ಬಣ್ಣದ ಚಿತ್ರದಲ್ಲಿ ಬಿಂದುವೊಂದಕ್ಕೆ 24 ಬಿಟ್‌ಗಳು ಬೇಕು. ಆಗ ಪುಟದ ಗಾತ್ರ ಸುಮಾರು 50 ಮೆಗಾಬೈಟ್. ಕಪ್ಪಿನಿಂದ ಬಿಳುಪಿನವರೆಗೆ 256 ಛಾಯೆಗಳಿರುವ ಬೂದುಚಿತ್ರಕ್ಕೆ ಬಿಂದುವೊಂದಕ್ಕೆ 8 ಬಿಟ್, ಅಂದರೆ ಪುಟಕ್ಕೆ ಸುಮಾರು 17 ಮೆಗಾಬೈಟ್. ಬಿಂದುವು ಕಪ್ಪು ಇಲ್ಲವೇ ಬಿಳುಪು ಎಂದಷ್ಟೇ ಗುರುತಿಸುವ ದ್ವಿಮಟ್ಟದ ಚಿತ್ರಕ್ಕೆ ಒಂದೇ ಬಿಟ್ ಸಾಕು. ಗಾತ್ರ ಸುಮಾರು 2.1 ಮೆಗಾಬೈಟಿಗೆ ಇಳಿಯುತ್ತದೆ.

ಇದೇ ಲೆಕ್ಕವನ್ನು 300 ಪುಟಗಳ ಪುಸ್ತಕಕ್ಕೆ ವಿಸ್ತರಿಸಿದರೆ ಬಣ್ಣದಲ್ಲಿ 15 ಗಿಗಾಬೈಟ್, ಬೂದುಛಾಯೆಯಲ್ಲಿ 5 ಗಿಗಾಬೈಟ್, ದ್ವಿಮಟ್ಟದಲ್ಲಿ ಸುಮಾರು 630 ಮೆಗಾಬೈಟ್ ಆಗುತ್ತದೆ. 700 ಮೆಗಾಬೈಟಿನ ಸಿ.ಡಿ.ಯೇ ಮುಖ್ಯ ಸಾಧನವಾಗಿದ್ದ ಕಾಲದಲ್ಲಿ ಬಣ್ಣದ ಒಂದು ಪುಸ್ತಕಕ್ಕೆ ಇಪ್ಪತ್ತಕ್ಕೂ ಹೆಚ್ಚು ಸಿ.ಡಿ.ಗಳು ಬೇಕಾಗುತ್ತಿದ್ದವು. ದ್ವಿಮಟ್ಟದ ಚಿತ್ರವನ್ನು ಇಪ್ಪತ್ತರಲ್ಲಿ ಒಂದು ಪಾಲಿಗೆ ಕುಗ್ಗಿಸಿದರೆ ಅದೇ ಪುಸ್ತಕ 32 ಮೆಗಾಬೈಟಿನಲ್ಲಿ ಅಡಗುತ್ತದೆ. ದೊಡ್ಡ ಗ್ರಂಥಾಲಯ ಯೋಜನೆಗಳು ಕಪ್ಪು-ಬಿಳುಪನ್ನೇ ಆಯ್ದುಕೊಂಡದ್ದಕ್ಕೆ ಈ ಅಂತರವೇ ಕಾರಣ.

ಕಪ್ಪು ಯಾವುದು, ಬಿಳುಪು ಯಾವುದು?

ಹಳೆಯ ಪುಟದಲ್ಲಿ ನಿಜವಾದ ಕಪ್ಪಾಗಲಿ ನಿಜವಾದ ಬಿಳುಪಾಗಲಿ ಇರುವುದಿಲ್ಲ. ಕಾಗದ ಹಳದಿಯಾಗಿರುತ್ತದೆ, ಶಾಯಿ ಮಾಸಿರುತ್ತದೆ, ಹಿಂಬದಿಯ ಅಚ್ಚು ಮುಂಬದಿಗೆ ಹಾಯ್ದಿರುತ್ತದೆ. ಆದ್ದರಿಂದ ದ್ವಿಮಟ್ಟದ ಚಿತ್ರವನ್ನು ಪಡೆಯುವ ಮುನ್ನ ಒಂದು ಗಡಿಯನ್ನು ಗೊತ್ತುಪಡಿಸಬೇಕು. ಆ ಗಡಿಗಿಂತ ಗಾಢವಾದ ಬಿಂದುಗಳು ಕಪ್ಪು, ತಿಳಿಯಾದವು ಬಿಳುಪು. ಇಡೀ ಪುಟಕ್ಕೆ ಒಂದೇ ಗಡಿಯನ್ನು ಛಾಯೆಗಳ ಹಂಚಿಕೆಯಿಂದ ಲೆಕ್ಕ ಹಾಕುವ ವಿಧಾನವನ್ನು ಜಪಾನಿನ ನೊಬುಯುಕಿ ಓಟ್ಸು 1979ರಲ್ಲಿ ಸೂಚಿಸಿದರು. ಪುಟದ ಎಲ್ಲೆಡೆ ಬೆಳಕು ಸಮನಾಗಿದ್ದರೆ ಇದು ಸಮರ್ಪಕ. ಆದರೆ ಒಂದು ಮೂಲೆಯಲ್ಲಿ ನೀರಿನ ಕಲೆ, ಹೊಲಿಗೆಯ ಬದಿಯಲ್ಲಿ ನೆರಳು ಇದ್ದಾಗ ಕಲೆಯ ಭಾಗವೆಲ್ಲ ಕಪ್ಪಾಗಿ, ಮಾಸಿದ ಭಾಗವೆಲ್ಲ ಬಿಳುಪಾಗಿ ಹೋಗುತ್ತದೆ. ಪ್ರತಿಯೊಂದು ಬಿಂದುವಿನ ಸುತ್ತಣ ಸಣ್ಣ ಆವರಣದ ಸರಾಸರಿ ಮತ್ತು ಏರಿಳಿತಗಳನ್ನು ಗಮನಿಸಿ ಅಲ್ಲಲ್ಲಿಗೆ ತಕ್ಕ ಗಡಿಯನ್ನು ನಿಗದಿಪಡಿಸುವ ವಿಧಾನವನ್ನು ಸೌವೋಲ ಮತ್ತು ಪಿಯೆಟಿಕೈನೆನ್ 2000ದಲ್ಲಿ ಪ್ರಕಟಿಸಿದರು. ಹಳೆಯ ಪುಸ್ತಕಗಳಿಗೆ ಈ ಬಗೆಯ ಸ್ಥಳೀಯ ಗಡಿಯೇ ಹೆಚ್ಚು ಒಪ್ಪುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಸಂಕೋಚನ ಇನ್ನೂ ಆರಂಭವಾಗಿಲ್ಲ. ಆದರೂ ಬೂದುಚಿತ್ರದಲ್ಲಿದ್ದ 8 ಬಿಟ್‌ಗಳಲ್ಲಿ 7 ಬಿಟ್‌ಗಳನ್ನು ಈಗಾಗಲೇ ಕಳೆದುಕೊಂಡಿದ್ದೇವೆ. ಮುಂದಿನ ಹಂತ ಎಷ್ಟೇ ನಿರ್ದುಷ್ಟವಾಗಿದ್ದರೂ ಇಲ್ಲಿ ಹೋದದ್ದು ಮರಳಿ ಬಾರದು. ಮೂಲ ಕಾಗದ ಪುಡಿಯಾದ ಮೇಲಂತೂ ಗಡಿಯನ್ನು ಮತ್ತೊಮ್ಮೆ ಪರಿಶೀಲಿಸುವ ಅವಕಾಶವೂ ಉಳಿಯುವುದಿಲ್ಲ.

ಓಟಗಳ ಎಣಿಕೆ: ಫ್ಯಾಕ್ಸ್ ಯಂತ್ರದ ಕೊಡುಗೆ

ಕಪ್ಪು-ಬಿಳುಪು ಪುಟಗಳ ಸಂಕೋಚನದ ಪ್ರಮುಖ ವಿಧಾನಗಳು ದೂರಸಂಪರ್ಕ ಕ್ಷೇತ್ರದಿಂದ ಬಂದವು. ದೂರವಾಣಿಯ ತಂತಿಯ ಮೂಲಕ ಪುಟವನ್ನು ಬೇಗನೆ ಕಳುಹಿಸುವ ಉದ್ದೇಶದಿಂದ 1980ರಲ್ಲಿ 'ಗುಂಪು 3' ಎಂಬ ಅಂತರರಾಷ್ಟ್ರೀಯ ಮಾನಕವೂ 1984ರಲ್ಲಿ 'ಗುಂಪು 4' ಎಂಬ ಮಾನಕವೂ ಜಾರಿಗೆ ಬಂದವು.

ಇವುಗಳ ತತ್ತ್ವ ಸರಳವಾದುದು. ಅಚ್ಚಾದ ಪುಟದ ಬಹುಭಾಗ ಖಾಲಿ. ಒಂದು ಸಾಲನ್ನು ಎಡದಿಂದ ಬಲಕ್ಕೆ ನೋಡಿದರೆ ಬಿಳಿ ಬಿಂದುಗಳ ಉದ್ದನೆಯ ಓಟ, ಅನಂತರ ಕೆಲವೇ ಕಪ್ಪು ಬಿಂದುಗಳು, ಮತ್ತೆ ಬಿಳಿಯ ಓಟ ಹೀಗೆ ಸಾಗುತ್ತದೆ. ಪ್ರತಿ ಬಿಂದುವನ್ನೂ ಬರೆಯುವ ಬದಲು ಓಟದ ಉದ್ದವನ್ನು ಬರೆದರೆ ಸಾಕು. ಹೆಚ್ಚಾಗಿ ಬರುವ ಉದ್ದಗಳಿಗೆ ಚಿಕ್ಕ ಸಂಕೇತ, ಅಪರೂಪದವಕ್ಕೆ ದೊಡ್ಡ ಸಂಕೇತ ಎಂಬುದು ಡೇವಿಡ್ ಹಫ್‌ಮನ್ 1952ರಲ್ಲಿ ನಿರೂಪಿಸಿದ ಕ್ರಮ. ಅಕ್ಷರಗಳ ಗೆರೆಗಳು ತೆಳುವಾದುದರಿಂದ 2 ಮತ್ತು 3 ಕಪ್ಪು ಬಿಂದುಗಳ ಓಟಗಳಿಗೆ ಗುಂಪು 3ರ ಕೋಷ್ಟಕದಲ್ಲಿ ಎರಡೇ ಬಿಟ್‌ಗಳ ಸಂಕೇತವಿದೆ. ಫ್ಯಾಕ್ಸ್ ಪುಟದ ಒಂದು ಸಾಲಿನಲ್ಲಿ 1,728 ಬಿಂದುಗಳು. ಸಾಲು ಪೂರ್ಣ ಖಾಲಿಯಾಗಿದ್ದರೆ 9 ಬಿಟ್‌ಗಳ ಒಂದು ಸಂಕೇತ ಮತ್ತು 8 ಬಿಟ್‌ಗಳ ಇನ್ನೊಂದು ಸಂಕೇತ ಸೇರಿ 17 ಬಿಟ್‌ಗಳಲ್ಲಿ ಅದನ್ನು ಹೇಳಿ ಮುಗಿಸಬಹುದು. ಸಾಲು ಮುಗಿಯಿತೆಂಬ ಸೂಚನೆಗೆ ಮಾತ್ರ ಇನ್ನು ಕೆಲವು ಬಿಟ್‌ಗಳು ಬೇಕು.

ಗುಂಪು 4 ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಅಕ್ಷರದ ಅಂಚು ಒಂದು ಸಾಲಿನಿಂದ ಕೆಳಗಿನ ಸಾಲಿಗೆ ಬರುವಾಗ ಬಹಳ ದೂರ ಸರಿಯುವುದಿಲ್ಲ. ಹಾಗಾಗಿ ಪ್ರತಿ ಸಾಲನ್ನೂ ಮೇಲಿನ ಸಾಲಿನೊಡನೆ ಹೋಲಿಸಿ ವ್ಯತ್ಯಾಸವನ್ನಷ್ಟೇ ದಾಖಲಿಸಲಾಗುತ್ತದೆ. ಅಂಚು ಮೇಲಿನ ಸಾಲಿನಲ್ಲಿದ್ದ ಜಾಗದಲ್ಲಿಯೇ ಇದ್ದರೆ ಒಂದೇ ಬಿಟ್ ಸಾಕು. ಖಾಲಿ ಸಾಲಿನ ಕೆಳಗೆ ಮತ್ತೊಂದು ಖಾಲಿ ಸಾಲಿದ್ದರೆ ಇಡೀ ಸಾಲು ಒಂದು ಬಿಟ್ಟಿನಲ್ಲಿ ಮುಗಿಯುತ್ತದೆ. ಈ ಎರಡೂ ವಿಧಾನಗಳು ನಷ್ಟರಹಿತವಾದವು: ಕುಗ್ಗಿಸಿದ ಕಡತವನ್ನು ಬಿಚ್ಚಿದಾಗ ಮೊದಲಿದ್ದ ಬಿಂದುಗಳೆಲ್ಲವೂ ಇದ್ದಂತೆಯೇ ದೊರೆಯುತ್ತವೆ.

1993ರಲ್ಲಿ ಪ್ರಕಟವಾದ 'ಜೆಬಿಗ್' ಮಾನಕವು ಬೇರೊಂದು ದಾರಿ ಹಿಡಿಯಿತು. ಅದು ಈಗಾಗಲೇ ತಿಳಿದಿರುವ ಹತ್ತು ನೆರೆಯ ಬಿಂದುಗಳನ್ನು ನೋಡಿ ಮುಂದಿನ ಬಿಂದು ಕಪ್ಪೋ ಬಿಳುಪೋ ಎಂದು ಊಹಿಸುತ್ತದೆ. ಊಹೆ ಸರಿಯಾದಷ್ಟೂ ಖರ್ಚು ಕಡಿಮೆ. ಊಹೆ ತಪ್ಪಿದರೂ ತಿದ್ದುಪಡಿ ದಾಖಲಾಗುವುದರಿಂದ ಇದೂ ನಷ್ಟರಹಿತವೇ.

ಆಕಾರಗಳ ನಿಘಂಟು

2000ದಲ್ಲಿ ಸಿದ್ಧವಾದ 'ಜೆಬಿಗ್-2' ಮಾನಕವು ಪುಟವನ್ನು ಅಕ್ಷರಗಳ ಸಮೂಹವಾಗಿ ನೋಡುವ ಅವಕಾಶವನ್ನು ಕಲ್ಪಿಸಿತು. ಒಂದು ಪುಟದಲ್ಲಿ 'ನ' ಅಕ್ಷರ ನೂರು ಬಾರಿ ಬಂದಿದ್ದರೆ ಅದರ ಆಕಾರವನ್ನು ಒಂದು ಸಲ ನಿಘಂಟಿನಲ್ಲಿ ಸೇರಿಸಿ, ಉಳಿದ ಕಡೆ 'ನಿಘಂಟಿನ ಇಂತಿಷ್ಟನೆಯ ಆಕಾರ, ಇಂಥ ಜಾಗದಲ್ಲಿ' ಎಂದು ಬರೆದರೆ ಸಾಕು. ಅಚ್ಚುಮೊಳೆಗಳನ್ನು ಪೆಟ್ಟಿಗೆಯ ಮನೆಗಳಿಂದ ಆಯ್ದು ಜೋಡಿಸುತ್ತಿದ್ದ ಹಳೆಯ ಮುದ್ರಣಾಲಯದ ಕೆಲಸವನ್ನೇ ಇದು ಹಿಂದುಮುಂದಾಗಿ ನಡೆಸುತ್ತದೆ ಎನ್ನಬಹುದು. ಯಂತ್ರಕ್ಕೆ ಅಕ್ಷರದ ಹೆಸರಾಗಲಿ ಉಚ್ಚಾರವಾಗಲಿ ತಿಳಿದಿರುವುದಿಲ್ಲ. ಅದು ಹೋಲಿಸುವುದು ಆಕಾರಗಳನ್ನು ಮಾತ್ರ.

ಕಾಗದದ ಮೇಲೆ ಯಾವ ಎರಡು 'ನ'ಕಾರಗಳೂ ಬಿಂದುಬಿಂದುವಿಗೂ ಒಂದೇ ಆಗಿರುವುದಿಲ್ಲ. ಶಾಯಿ ಒಂದೆಡೆ ಹೆಚ್ಚು ಹರಡಿರುತ್ತದೆ, ಇನ್ನೊಂದೆಡೆ ಮೊಳೆ ಸವೆದಿರುತ್ತದೆ. ಈ ವ್ಯತ್ಯಾಸಗಳನ್ನು ಪ್ರತ್ಯೇಕವಾಗಿ ದಾಖಲಿಸಿದರೆ ವಿಧಾನವು ನಷ್ಟರಹಿತವಾಗಿ ಉಳಿಯುತ್ತದೆ. 'ಹೆಚ್ಚುಕಡಿಮೆ ಒಂದೇ' ಎಂದು ಬಗೆದು ವ್ಯತ್ಯಾಸವನ್ನು ಕೈಬಿಟ್ಟರೆ ಕಡತ ಇನ್ನಷ್ಟು ಚಿಕ್ಕದಾಗುತ್ತದೆ. ಆದರೆ ಅಪಾಯವೂ ಅಲ್ಲಿಂದಲೇ ಆರಂಭ.

ಅದರ ಪ್ರಸಿದ್ಧ ಉದಾಹರಣೆ 2013ರಲ್ಲಿ ಬೆಳಕಿಗೆ ಬಂತು. ಜರ್ಮನಿಯ ಗಣಕ ವಿಜ್ಞಾನಿ ಡೇವಿಡ್ ಕ್ರೀಸೆಲ್ ಅವರು ಜೆರಾಕ್ಸ್ ಸಂಸ್ಥೆಯ ಕೆಲವು ಯಂತ್ರಗಳಲ್ಲಿ ಗ್ರಹಿಸಿದ ಕಟ್ಟಡ ನಕ್ಷೆಯೊಂದರಲ್ಲಿ ಕೋಣೆಗಳ ಅಳತೆಗಳು ಬದಲಾಗಿದ್ದುದನ್ನು ತೋರಿಸಿದರು. 14.13, 21.11, 17.42 ಚದರ ಮೀಟರ್‌ಗಳೆಂದಿದ್ದ ಮೂರು ಬೇರೆ ಬೇರೆ ಅಳತೆಗಳು ಪ್ರತಿಯಲ್ಲಿ 14.13 ಎಂದೇ ಕಾಣಿಸಿಕೊಂಡವು. ಇತರ ಪುಟಗಳಲ್ಲಿ 6 ಎಂಬ ಅಂಕಿ 8 ಆದದ್ದೂ ಕಂಡುಬಂತು. ಆಕಾರಗಳ ಹೋಲಿಕೆಯಲ್ಲಿ ಯಂತ್ರ ಎಡವಿ, ಒಂದರ ಜಾಗದಲ್ಲಿ ಮತ್ತೊಂದನ್ನು ಇರಿಸಿತ್ತು. ಸಂಸ್ಥೆಯು ತರುವಾಯ ತಂತ್ರಾಂಶದ ತಿದ್ದುಪಡಿಯನ್ನು ಬಿಡುಗಡೆ ಮಾಡಿತು. ಈ ಪ್ರಸಂಗದಲ್ಲಿ ಆತಂಕಕಾರಿಯಾದದ್ದು ಪ್ರತಿಯ ಅಂದ. ಮಸುಕಾದ ಅಂಕಿಯನ್ನು ಕಂಡ ಓದುಗನು ಸಂಶಯಪಡುತ್ತಾನೆ. ಸ್ಫುಟವಾಗಿ ಅಚ್ಚಾದ ತಪ್ಪು ಅಂಕಿಯನ್ನು ಕಂಡವನಿಗೆ ಸಂಶಯಪಡಲು ಕಾರಣವೇ ಇರುವುದಿಲ್ಲ.

ಕನ್ನಡ ಲಿಪಿಯ ವಿಶೇಷ

ಕನ್ನಡ ಲಿಪಿಯಲ್ಲಿ ಈ ಅಪಾಯ ಹಲವು ಪಟ್ಟು ಹೆಚ್ಚುತ್ತದೆ. ನಮ್ಮ ಅಕ್ಷರಗಳ ದುಂಡನೆಯ ಒಡಲು ಅನೇಕ ವರ್ಣಗಳಿಗೆ ಸಮಾನ. ಭೇದವಿರುವುದು ಸೂಕ್ಷ್ಮವಾದ ಒಂದು ಗುರುತಿನಲ್ಲಿ. ಶಾಲೆಗಳಲ್ಲಿ 'ಹೊಟ್ಟೆ ಸೀಳಬೇಕು' ಎಂದು ಹೇಳಿಕೊಡುವ ಆ ಸಣ್ಣ ಗೆರೆಯೇ 'ದ'ಕಾರವನ್ನು 'ಧ'ಕಾರವಾಗಿ, 'ಪ'ಕಾರವನ್ನು 'ಫ'ಕಾರವಾಗಿ, 'ಬ'ಕಾರವನ್ನು 'ಭ'ಕಾರವಾಗಿ, 'ಡ'ಕಾರವನ್ನು 'ಢ'ಕಾರವಾಗಿ ಮಾರ್ಪಡಿಸುತ್ತದೆ. 'ರ' ಮತ್ತು 'ಠ'ಗಳ ನಡುವೆ ಇರುವುದು ಒಡಲೊಳಗಿನ ಒಂದು ಚುಕ್ಕೆ. 'ಧ' ಮತ್ತು 'ಥ'ಗಳ ಮುಖ್ಯ ಭೇದವೂ ಅಂಥದೇ ಚುಕ್ಕೆ. ಅನುಸ್ವಾರದ ಸೊನ್ನೆಗೂ ಅಂಕಿಯ ಸೊನ್ನೆಗೂ ರೂಪದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಕನ್ನಡ ಅಂಕಿಗಳಲ್ಲಿ ೬ ಮತ್ತು ೯ ಬಾಲದ ತಿರುವಿನಲ್ಲಷ್ಟೇ ಬೇರೆಯಾಗುತ್ತವೆ. ೯ ಮತ್ತು ಅರ್ಕಾವೊತ್ತಿನ ರೂಪಗಳೂ ಒಂದನ್ನೊಂದು ಹೋಲುತ್ತವೆ.

ಇದರ ಪರಿಣಾಮ ಪದಗಳ ಮಟ್ಟದಲ್ಲಿ ಸ್ಪಷ್ಟವಾಗುತ್ತದೆ. ಸೀಳು ಅಳಿಸಿದರೆ 'ಧನ'ವು 'ದನ'ವಾಗುತ್ತದೆ. ಚುಕ್ಕೆ ಅಳಿಸಿದರೆ 'ಮಠ'ವು 'ಮರ'ವಾಗುತ್ತದೆ, 'ಅರ್ಥ'ವು 'ಅರ್ಧ'ವಾಗುತ್ತದೆ. ಮಠಕ್ಕೆ ಬಿಟ್ಟ ಭೂಮಿಯನ್ನು ಕುರಿತ ಶಾಸನಪಾಠದಲ್ಲಾಗಲಿ, ಆಸ್ತಿಯ ಪಾಲನ್ನು ಹೇಳುವ ದಸ್ತಾವೇಜಿನಲ್ಲಾಗಲಿ ಇವು ಕೇವಲ ಕಾಗುಣಿತದ ದೋಷಗಳಲ್ಲ. ಹಾಗೆ ಹುಟ್ಟುವ ಪದಗಳು ಅರ್ಥಹೀನವಲ್ಲವಾದ್ದರಿಂದ ತಪ್ಪು ಸುಲಭವಾಗಿ ಕಣ್ಣಿಗೆ ಬೀಳುವುದೂ ಇಲ್ಲ.

ಈ ಗುರುತುಗಳು ಎಷ್ಟು ಬಿಂದುಗಳ ಮೇಲೆ ನಿಂತಿವೆ ಎಂಬುದನ್ನು ಲೆಕ್ಕ ಹಾಕಬಹುದು. 10 ಪಾಯಿಂಟಿನ ಅಕ್ಷರಮಾಲೆಯ ಎತ್ತರ ಅಂಗುಲದ 72ರಲ್ಲಿ 10 ಭಾಗ. 600 ಬಿಂದುಗಳ ಸಾಂದ್ರತೆಯಲ್ಲಿ ಅದು ಸುಮಾರು 83 ಬಿಂದುಗಳು, 300ರಲ್ಲಿ 42, 200ರಲ್ಲಿ 28. ಸೀಳುಗೆರೆಯ ದಪ್ಪ ಈ ಎತ್ತರದ ಇಪ್ಪತ್ತನೆಯ ಒಂದು ಭಾಗವೆಂದಿಟ್ಟುಕೊಂಡರೆ ಕ್ರಮವಾಗಿ 4, 2 ಮತ್ತು 1.4 ಬಿಂದುಗಳಾಗುತ್ತವೆ. ಒತ್ತಕ್ಷರಗಳ ಗಾತ್ರ ಸುಮಾರು ಅರ್ಧದಷ್ಟು. ಅಲ್ಲಿ ಅದೇ ಗೆರೆಗೆ ಸಿಗುವುದು 2, 1 ಮತ್ತು 0.7 ಬಿಂದುಗಳು. ಒಂದು ಬಿಂದುವಿಗಿಂತ ತೆಳುವಾದ ಗೆರೆ ಕಪ್ಪಾಗುವುದೋ ಬಿಳುಪಾಗುವುದೋ ಆಕಸ್ಮಿಕ. ಒಂದೆರಡು ಬಿಂದುಗಳ ಚುಕ್ಕೆಗಳನ್ನು 'ಕಸ' ಎಂದು ತೆಗೆದುಹಾಕುವ ಶುದ್ಧೀಕರಣ ತಂತ್ರಾಂಶವೂ, ಒಂದೆರಡು ಬಿಂದುಗಳ ವ್ಯತ್ಯಾಸವನ್ನು ಲೆಕ್ಕಕ್ಕೆ ತಾರದ ಆಕಾರ ನಿಘಂಟೂ ಕನ್ನಡ ಪುಟದ ಮೇಲೆ ಕೆಲಸ ಮಾಡಿದಾಗ ಅಳಿಯುವುದು ಧೂಳು ಮಾತ್ರವಲ್ಲ, ಮಹಾಪ್ರಾಣವೂ ಹೌದು. ರೋಮನ್ ಲಿಪಿಗೆಂದು ಹೊಂದಿಸಿದ ಮಿತಿಗಳನ್ನು ಕನ್ನಡಕ್ಕೆ ಹಾಗೆಯೇ ಅನ್ವಯಿಸಬಾರದೆಂಬುದಕ್ಕೆ ಈ ಲೆಕ್ಕವೇ ಸಾಕ್ಷಿ. ಮುಂದೆ ಅಕ್ಷರ ಗುರುತಿಸುವ ತಂತ್ರಾಂಶಗಳು ಇದೇ ಚಿತ್ರಗಳನ್ನು ಓದಬೇಕಾಗಿರುವುದರಿಂದ ಇಲ್ಲಿಯ ದೋಷ ಹುಡುಕು ಪದಗಳಿಗೂ ಹಬ್ಬುತ್ತದೆ.

ಛಾಯಾಚಿತ್ರಗಳು ಮತ್ತು ಪಡಿಯಚ್ಚುಗಳು

ಪುಸ್ತಕಗಳಲ್ಲಿ ಅಕ್ಷರಗಳೊಡನೆ ಛಾಯಾಚಿತ್ರಗಳೂ ಇರುತ್ತವೆ. ಮುದ್ರಣಯಂತ್ರಕ್ಕೆ ಬೂದುಬಣ್ಣ ತಿಳಿಯದು. ಅದು ಶಾಯಿ ಹಾಕುತ್ತದೆ, ಇಲ್ಲವೇ ಹಾಕುವುದಿಲ್ಲ. ಆದ್ದರಿಂದ ಸಣ್ಣ-ದೊಡ್ಡ ಚುಕ್ಕೆಗಳ ಹಂಚಿಕೆಯಿಂದ ಕಣ್ಣಿಗೆ ಬೂದುಬಣ್ಣದ ಭ್ರಮೆಯನ್ನು ಉಂಟುಮಾಡಲಾಗುತ್ತದೆ. ಗಣಕದಲ್ಲಿ ಇದಕ್ಕೆ ನಿಗದಿತ ಜಾಲರಿಯೊಂದಿಗೆ ಹೋಲಿಸುವ ಬೇಯರ್ ಅವರ 1973ರ ಕ್ರಮವೂ, ಪ್ರತಿ ಬಿಂದುವಿನಲ್ಲಿ ಉಳಿದ ದೋಷವನ್ನು ನೆರೆಯ ನಾಲ್ಕು ಬಿಂದುಗಳಿಗೆ 16ರಲ್ಲಿ 7, 3, 5, 1ರ ಪ್ರಮಾಣದಲ್ಲಿ ಹಂಚುವ ಫ್ಲಾಯ್ಡ್ ಮತ್ತು ಸ್ಟೈನ್‌ಬರ್ಗ್ ಅವರ 1976ರ ಕ್ರಮವೂ ಪ್ರಸಿದ್ಧವಾಗಿವೆ.

ಇಂಥ ಚುಕ್ಕೆಚಿತ್ರಗಳಿಗೆ ಓಟದ ಎಣಿಕೆ ಒಗ್ಗುವುದಿಲ್ಲ. ಒಂದು ಕಪ್ಪು, ಒಂದು ಬಿಳುಪು ಎಂದು ಬಿಂದುಗಳು ಬದಲಾಗುತ್ತ ಹೋದರೆ ಗುಂಪು 3ರ ಕೋಷ್ಟಕದಲ್ಲಿ ಒಂದು ಬಿಳುಪಿಗೆ 6 ಬಿಟ್, ಒಂದು ಕಪ್ಪಿಗೆ 3 ಬಿಟ್ ವೆಚ್ಚವಾಗುತ್ತದೆ. ಎರಡು ಬಿಟ್‌ಗಳ ಮಾಹಿತಿಗೆ 9 ಬಿಟ್‌ಗಳು ಎಂದಾಗ ಅದು ಸಂಕೋಚನವಲ್ಲ, ವಿಸ್ತರಣ. ಆದ್ದರಿಂದ ಛಾಯಾಚಿತ್ರವನ್ನು ಬೂದುಚಿತ್ರವಾಗಿಯೇ ಕುಗ್ಗಿಸಿಟ್ಟು, ಚುಕ್ಕೆಗಳಾಗಿ ಒಡೆಯುವ ಕೆಲಸವನ್ನು ಮುದ್ರಣದ ಕೊನೆಯ ಗಳಿಗೆಗೆ ಬಿಡುವುದು ಯುಕ್ತ. ಅಕ್ಷರಗಳನ್ನು ದ್ವಿಮಟ್ಟದ ಪದರವಾಗಿಯೂ ಹಿನ್ನೆಲೆಯನ್ನು ಬೂದು ಅಥವಾ ಬಣ್ಣದ ಪದರವಾಗಿಯೂ ಬೇರ್ಪಡಿಸಿ ಒಂದೇ ಕಡತದಲ್ಲಿರಿಸುವ ಡೇಜಾವು ಹಾಗೂ ಪಿ.ಡಿ.ಎಫ್. ಕ್ರಮಗಳು ಈ ಸಮಸ್ಯೆಗೆ ಒಳ್ಳೆಯ ಪರಿಹಾರ.

ಶಾಸನಗಳ ಪಡಿಯಚ್ಚುಗಳ ಸ್ಥಿತಿ ಇನ್ನೂ ಸೂಕ್ಷ್ಮ. ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಒತ್ತಿ, ಮಸಿ ಬಳಿದು ತೆಗೆದ ಪಡಿಯಚ್ಚಿನಲ್ಲಿ ಕಲ್ಲಿನ ಮೈ ಕಪ್ಪಾಗಿಯೂ ಕೊರೆದ ಅಕ್ಷರ ಬಿಳುಪಾಗಿಯೂ ಮೂಡುತ್ತದೆ. ಗಣಕಗಳು ಬರುವುದಕ್ಕೆ ಎಷ್ಟೋ ಮೊದಲೇ ನಮ್ಮ ಶಾಸನತಜ್ಞರು ಬಳಸುತ್ತಿದ್ದ ಕಪ್ಪು-ಬಿಳುಪು ಚಿತ್ರವಿದು. ಇಲ್ಲಿ ಕಲ್ಲು ಚಕ್ಕೆಯೆದ್ದ ಗುಳಿಯೂ ಬಿಳಿ ಚುಕ್ಕೆ, ಅನುಸ್ವಾರವೂ ಬಿಳಿ ಗುರುತು. ಇವೆರಡನ್ನು ಬೇರ್ಪಡಿಸುವುದು ಗುಳಿಯ ಆಳ, ಅಂಚಿನ ಇಳಿಜಾರು, ಮಸಿಯ ನೆರಳು ಇವುಗಳಿಂದ. ಆ ನೆರಳುಗಳೆಲ್ಲ ಬೂದುಛಾಯೆಗಳಲ್ಲಿರುತ್ತವೆ. ಪಡಿಯಚ್ಚನ್ನು ದ್ವಿಮಟ್ಟಕ್ಕೆ ಇಳಿಸಿದರೆ ಪಾಠಾಂತರವನ್ನು ನಿರ್ಣಯಿಸುವ ಆಧಾರವೇ ನಾಶವಾಗುತ್ತದೆ.

ಓದುವ ಪರದೆಯ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ವಿದ್ಯುತ್-ಶಾಯಿಯ ಓದುಸಾಧನಗಳ ಪರದೆಗಳು ಸಾಮಾನ್ಯವಾಗಿ 16 ಬೂದುಮಟ್ಟಗಳನ್ನು ತೋರಿಸಬಲ್ಲವು. 600 ಬಿಂದುಗಳ ಕಪ್ಪು-ಬಿಳುಪು ಪುಟವನ್ನು ಪರದೆಯ ಅಳತೆಗೆ ಕುಗ್ಗಿಸುವಾಗ ನಡುನಡುವಿನ ಬಿಂದುಗಳನ್ನು ಬಿಟ್ಟುಬಿಟ್ಟರೆ ತೆಳುಗೆರೆಗಳು ಮಾಯವಾಗುತ್ತವೆ. ಸುತ್ತಣ ಬಿಂದುಗಳ ಸರಾಸರಿ ತೆಗೆದು ಬೂದುಮಟ್ಟವಾಗಿ ತೋರಿಸಿದರೆ 'ಥ'ಕಾರದ ಚುಕ್ಕೆ ತಿಳಿಯಾಗಿಯಾದರೂ ಉಳಿಯುತ್ತದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಮೊದಲನೆಯದಾಗಿ, ಮೂಲಪ್ರತಿಯನ್ನು ಬೂದುಚಿತ್ರವಾಗಿ ಇಲ್ಲವೇ ಬಣ್ಣದ ಚಿತ್ರವಾಗಿ, ನಷ್ಟರಹಿತ ವಿಧಾನದಲ್ಲಿ ಕುಗ್ಗಿಸಿ ಕಾಪಿಡಬೇಕು. 5 ಗಿಗಾಬೈಟಿನ ಪುಸ್ತಕ 2000ದ ದಶಕದಲ್ಲಿ ಹೊರೆಯಾಗಿತ್ತು. ಸಂಗ್ರಹಸಾಧನಗಳು ಅಗ್ಗವಾಗಿರುವ ಇಂದು ಹಾಗಲ್ಲ. ಎರಡನೆಯದಾಗಿ, ಓದುಗರಿಗೆ ಹಂಚುವ ಹಗುರವಾದ ಪ್ರತಿಗೆ ದ್ವಿಮಟ್ಟದ ಚಿತ್ರವು ಯೋಗ್ಯವೇ; ಆದರೆ ಅದನ್ನು ಸ್ಥಳೀಯ ಗಡಿಯ ಕ್ರಮದಲ್ಲಿ ಪಡೆದು ಗುಂಪು 4 ಅಥವಾ ಜೆಬಿಗ್-2ರ ನಷ್ಟರಹಿತ ಕ್ರಮದಲ್ಲಿ ಕುಗ್ಗಿಸಬೇಕು. ಮೂರನೆಯದಾಗಿ, ಒತ್ತಕ್ಷರಗಳಿರುವ ಸಣ್ಣ ಅಚ್ಚಿನ ಪುಟಗಳಿಗೆ 600ಕ್ಕಿಂತ ಕಡಿಮೆ ಸಾಂದ್ರತೆಯ ದ್ವಿಮಟ್ಟದ ಚಿತ್ರ ಸಲ್ಲದು. ನಾಲ್ಕನೆಯದಾಗಿ, ಚುಕ್ಕೆ ಅಳಿಸುವ ಶುದ್ಧೀಕರಣವನ್ನು ಮೂಲಪ್ರತಿಯ ಮೇಲೆ ಎಂದೂ ನಡೆಸಬಾರದು. ಐದನೆಯದಾಗಿ, ಪರಿಶೀಲನೆಗೆಂದು ಆಯ್ದ ಪುಟಗಳಲ್ಲಿ ದ-ಧ-ಥ, ರ-ಠ, ಪ-ಫ, ಬ-ಭ, ೬-೯ ಇವುಗಳನ್ನು ಕನ್ನಡ ಬಲ್ಲ ವ್ಯಕ್ತಿಯೊಬ್ಬರು ಮೂಲದೊಡನೆ ಹೋಲಿಸಿ ನೋಡಬೇಕು.

ಇದು ಗ್ರಂಥಾಲಯಗಳಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಕರ್ನಾಟಕದ ಕಂದಾಯ ಇಲಾಖೆಯು 'ಭೂ ಸುರಕ್ಷಾ' ಯೋಜನೆಯಡಿ ತಾಲ್ಲೂಕು ಕಚೇರಿಗಳ ಅಭಿಲೇಖಾಲಯಗಳಲ್ಲಿರುವ ಹಳೆಯ ಭೂದಾಖಲೆಗಳನ್ನು ಇತ್ತೀಚಿನ ವರ್ಷಗಳಲ್ಲಿ ಅಂಕೀಕರಿಸುತ್ತಿದೆ. ಕೈಬರಹದ ಆ ಪುಟಗಳಲ್ಲಿ ಸರ್ವೆ ನಂಬರಿನ ಒಂದು ಅಂಕಿ, ಹಿಸ್ಸೆಯನ್ನು ಸೂಚಿಸುವ ಒಂದು ಅಕ್ಷರ ಕುಟುಂಬವೊಂದರ ಹಕ್ಕನ್ನು ಹೊತ್ತಿರುತ್ತದೆ. ಕೆರೆಬಿಳಚಿಯ ರೈತನಿಗೆ ಮುಂದೆ ದೊರೆಯುವುದು ಕಾಗದವಲ್ಲ, ಅದರ ಚಿತ್ರ. ಆ ಚಿತ್ರದಲ್ಲಿ ಬರೆದವನು ಇಟ್ಟ ಚುಕ್ಕೆ ಇದ್ದಲ್ಲಿಯೇ ಇರಬೇಕಾದರೆ, ಎಷ್ಟು ಕುಗ್ಗಿಸಬೇಕೆಂಬುದನ್ನು ಕಡತದ ಗಾತ್ರದಿಂದಲ್ಲ, ಕನ್ನಡ ಅಕ್ಷರದ ಅಗತ್ಯದಿಂದ ನಿರ್ಧರಿಸುವುದು ನಮ್ಮ ಸಂಸ್ಥೆಗಳ ಕರ್ತವ್ಯವಾಗುತ್ತದೆ.